ಕೊಳ್ಳುವ ಮುನ್ನ: ಹುಳುವಿನ ಚಿತ್ರಕ್ಕೆ ಎಂಥ ಕ್ಯಾಮೆರಾ?

ಮಳೆಗಾಲ ಕಾಲಿಟ್ಟಿತೆಂದರೆ ಈ ಅಂಕಣಕ್ಕೆ ಬರುವ ಕಾಗದಗಳ ಧಾಟಿಯೇ ಬದಲಾಗುತ್ತದೆ. ಬೇಸಗೆಯಲ್ಲಿ ಫ್ಯಾನು, ಕೂಲರು, ನೀರಿನ ಫಿಲ್ಟರುಗಳ ವಿಚಾರ ಕೇಳುತ್ತಿದ್ದ ವಾಚಕರು ಈಗ ಮಕ್ಕಳ ವಿಚಾರ ಬರೆಯುತ್ತಾರೆ. ಈ ಸಲ ಬೇರೆ ಬೇರೆ ಊರುಗಳಿಂದ ಬಂದ ಪ್ರಶ್ನೆಗಳ ಸಾರ ಒಂದೇ. ಬಾಲ್ಕನಿಯ ಕರಿಬೇವಿನ ಕುಂಡದಲ್ಲಿ ಒಂದು ಹುಳು ಕಂಡಿತು. ಮಗುವು ಅದನ್ನು ಮೊಬೈಲಿನಲ್ಲಿ ಹಿಡಿಯಹೋದರೆ ಎಲೆ ಸ್ಪಷ್ಟ, ಹುಳು ಮಸುಕು. ‘ಒಳ್ಳೆಯ ಕ್ಯಾಮೆರಾ ಕೊಡಿಸಿ’ ಎಂದು ಹಟ ಹಿಡಿದಿದೆ. ಅಂಗಡಿಗೆ ಹೋಗಿ ವಿಚಾರಿಸಿದರೆ ಬೆಲೆ ಕೇಳಿಯೇ ತಲೆ ತಿರುಗಿತು. ತಿಂಗಳ ಸಂಬಳದ ಮೇಲೆ ನಡೆಯುವ ಸಂಸಾರಕ್ಕೆ ಎಟುಕುವಂಥದು ಏನಾದರೂ ಉಂಟೇ?

ಉಂಟು ಎಂಬುದೇ ನಮ್ಮ ಉತ್ತರ. ಆದರೆ ಹೇಗೆ ಆರಿಸಬೇಕೆಂಬುದನ್ನು ತಿಳಿಯದೆ ಹೋದರೆ ಅಗ್ಗದ್ದೂ ದುಬಾರಿಯಾದೀತು. ಮನೆ ಬಾಡಿಗೆ, ಶಾಲೆಯ ಫೀಸು, ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ರೈಲುಚಾರ್ಜು, ಇಷ್ಟನ್ನೂ ತೂಗಿಸಿಕೊಂಡು ಮಿಗಿಸಿದ ದುಡ್ಡು ಅದು. ತಪ್ಪು ಕ್ಯಾಮೆರಾ ಮನೆಗೆ ಬಂದರೆ ಎರಡು ನಷ್ಟ. ದುಡ್ಡು ಹೋಗುವುದು ಮೊದಲನೆಯದು. ನಾಲ್ಕು ದಿನ ತೆಗೆದು, ನಾಲ್ಕೂ ದಿನ ಮಸುಕು ಚಿತ್ರವನ್ನೇ ಕಂಡ ಮಗುವು ಕ್ಯಾಮೆರಾವನ್ನು ಕಪಾಟಿಗೆ ಸೇರಿಸುವುದರ ಜೊತೆಗೆ ಹುಳುವನ್ನು ನೋಡುವ ಆಸೆಯನ್ನೂ ಸೇರಿಸಿಬಿಡುವುದು ಎರಡನೆಯದು. ಮೊದಲನೆಯದನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಎರಡನೆಯದನ್ನು ಯಾವ ಅಂಗಡಿಯವನೂ ಹಿಂದಕ್ಕೆ ಕೊಡಲಾರ. ಆದಕಾರಣ ಈ ಸಂಚಿಕೆಯ ಪುಟಗಳನ್ನು ಈ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ಅಂಗಡಿಯಲ್ಲಿ ಕೇಳಿಬರುವ ಎರಡು ಸಂಖ್ಯೆಗಳು

ಕ್ಯಾಮೆರಾ ಅಂಗಡಿಯಲ್ಲಿ ಎರಡು ಸಂಖ್ಯೆಗಳನ್ನು ಮಂತ್ರದಂತೆ ಹೇಳುತ್ತಾರೆ. ಒಂದು ಮೆಗಾಪಿಕ್ಸೆಲ್, ಇನ್ನೊಂದು ಜೂಮ್. ಹುಳುವಿನ ಚಿತ್ರಕ್ಕೆ ಇವೆರಡೂ ಮುಖ್ಯವಲ್ಲ.

ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಚುಕ್ಕೆಗಳ ಎಣಿಕೆ, ಹತ್ತು ಲಕ್ಷಕ್ಕೆ ಒಂದರಂತೆ. ಎ-೪ ಅಳತೆಯ ಕಾಗದದ ತುಂಬ ಒಳ್ಳೆಯ ಮುದ್ರಣ ಬೇಕಾದರೂ ಒಂಬತ್ತು ಮೆಗಾಪಿಕ್ಸೆಲ್ ಸಾಕು. ಹದಿನೈದು ವರ್ಷದ ಹಿಂದಿನ ಕ್ಯಾಮೆರಾಗಳಲ್ಲೂ ಅದಕ್ಕಿಂತ ಹೆಚ್ಚು ಇತ್ತು. ಮಸುಕಾದ ಹುಳುವನ್ನು ಐವತ್ತು ಮೆಗಾಪಿಕ್ಸೆಲ್ಲಿನಲ್ಲಿ ತೆಗೆದರೆ ದೊಡ್ಡದಾದ ಮಸುಕು ಹುಳು ಸಿಕ್ಕೀತು, ಅಷ್ಟೆ.

ಜೂಮ್ ಎಂಬುದು ದೂರದ್ದನ್ನು ಹತ್ತಿರಕ್ಕೆ ತರುವ ಉಪಾಯ. ಮರದ ತುದಿಯ ಹಕ್ಕಿಗೆ, ವೇದಿಕೆಯ ಮೇಲೆ ಕುಣಿಯುವ ಮಗಳಿಗೆ ಅದು ಉಪಕಾರಿ. ಆದರೆ ಅರವತ್ತು ಪಟ್ಟು ಜೂಮಿನ ಕ್ಯಾಮೆರಾವನ್ನು ಪೂರ್ತಿ ಚಾಚಿದಾಗ, ಬಹುಪಾಲು ಮಾದರಿಗಳಲ್ಲಿ, ಒಂದೆರಡು ಮೀಟರಿಗಿಂತ ಹತ್ತಿರದ ವಸ್ತು ಸ್ಪಷ್ಟವಾಗುವುದೇ ಇಲ್ಲ. ಅಷ್ಟು ದೂರದಿಂದ ಚಿಟ್ಟೆ ಸಿಕ್ಕೀತು, ಇರುವೆ ಸಿಗದು. ಜೂಮನ್ನು ಹಿಂದಕ್ಕೆ ಎಳೆದುಕೊಂಡರೆ ‘ಒಂದು ಸೆಂಟಿಮೀಟರಿನಿಂದ ಮ್ಯಾಕ್ರೋ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ನಿಜವಾಗುತ್ತದೆ. ಆದರೆ ಲೆನ್ಸು ಒಂದು ಸೆಂಟಿಮೀಟರಿಗೆ ಬಂದಾಗ ಅದರ ನೆರಳೇ ಹುಳುವಿನ ಮೇಲೆ ಬೀಳುತ್ತದೆ. ಹುಳುವೂ ನಮ್ಮ ಕ್ಯಾಮೆರಾ ನೋಡುವುದಕ್ಕೆ ಕಾದು ಕೂರುವುದಿಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

ಹಾಗಾದರೆ ಕೇಳಬೇಕಾದುದೇನು? ನಮ್ಮ ಅಭಿಪ್ರಾಯದಲ್ಲಿ ಪ್ರಶ್ನೆಗಳು ಮೂರೇ. ಎಷ್ಟು ಚಿಕ್ಕದರಿಂದ ಚೌಕಟ್ಟು ತುಂಬುತ್ತದೆ? ಎಷ್ಟು ದೂರದಿಂದ? ಬೆಳಕಿಗೆ ಏನು ಗತಿ?

ಮೊದಲನೆಯದಕ್ಕೆ ಯಾವ ಪುಸ್ತಕದ ಹಂಗೂ ಬೇಡ. ಮಗುವಿನ ಕಂಪಾಸುಪೆಟ್ಟಿಗೆಯಲ್ಲಿರುವ ಸ್ಕೇಲನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಅದನ್ನು ಮೇಜಿನ ಮೇಲೆ ಅಡ್ಡಲಾಗಿ ಇರಿಸಿ, ಕ್ಯಾಮೆರಾವನ್ನು ಸ್ಪಷ್ಟವಾಗುವಷ್ಟು ಹತ್ತಿರ ತಂದು ಒಂದು ಚಿತ್ರ ತೆಗೆಯಿರಿ. ಚಿತ್ರದ ಎಡ ಅಂಚಿನಿಂದ ಬಲ ಅಂಚಿನವರೆಗೆ ಎಷ್ಟು ಮಿಲಿಮೀಟರ್ ಕಾಣುತ್ತದೆಯೋ ಅದೇ ಆ ಕ್ಯಾಮೆರಾದ ಯೋಗ್ಯತೆ. ಐದು ಸೆಂಟಿಮೀಟರ್ ಕಂಡರೆ ಕರಿಬೇವಿನ ಮೇಲಿನ ಬಲಿತ ಹುಳು ಚೌಕಟ್ಟನ್ನು ತುಂಬುತ್ತದೆ, ಏಕೆಂದರೆ ಅದರ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್. ಎರಡೂವರೆ ಸೆಂಟಿಮೀಟರಾದರೆ ಜೇನುಹುಳು, ಗುಲಗಂಜಿ ಹುಳುಗಳಿಗೆ ಸಾಕು. ಒಂದು ಸೆಂಟಿಮೀಟರಿನ ಹತ್ತಿರ ಬಂದರೆ ಮಾವಿನ ಮರದ ಚಗಳಿ ಇರುವೆ ತಲೆಯಿಂದ ಬಾಲದವರೆಗೆ ಚೌಕಟ್ಟನ್ನು ತುಂಬುತ್ತದೆ. ಅದಕ್ಕಿಂತ ಕಿರಿದಾದುದು ಆರಂಭದಲ್ಲಿ ಬೇಡ. ಅಲ್ಲಿ ಕೈ ನಡುಗುವುದೇ ಭೂಕಂಪದಂತೆ ಕಾಣುತ್ತದೆ.

ಬಲ್ಲವರು ಇದನ್ನೇ ‘ಒಂದಕ್ಕೆ ಒಂದು’ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಹುಳು ಎಷ್ಟು ದೊಡ್ಡದೋ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ಅದರ ಬಿಂಬವೂ ಅಷ್ಟೇ ದೊಡ್ಡದಾಗಿ ಬಿದ್ದರೆ ಅದು ಒಂದಕ್ಕೆ ಒಂದು. ಸಾಮಾನ್ಯ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರು ಸುಮಾರು ೨೩ ಮಿಲಿಮೀಟರ್ ಅಗಲ. ಮೈಕ್ರೋ ಫೋರ್ ಥರ್ಡ್ಸ್ ಎಂಬ ಜಾತಿಯದು ೧೭ ಮಿಲಿಮೀಟರ್. ಚಿಕ್ಕ ಕ್ಯಾಮೆರಾಗಳದು ಬರಿಯ ೬ ಮಿಲಿಮೀಟರಿನ ಆಸುಪಾಸು. ಆದಕಾರಣ ಒಂದಕ್ಕೆ ಒಂದು ಎಂಬ ಮಾತು ಒಂದೊಂದು ಕ್ಯಾಮೆರಾದಲ್ಲಿ ಒಂದೊಂದು ಅರ್ಥ ಕೊಡುತ್ತದೆ. ಸ್ಕೇಲು ಮಾತ್ರ ಎಲ್ಲ ಕಡೆಯೂ ಒಂದೇ ಮಾತಾಡುತ್ತದೆ.

ಎರಡನೆಯ ಪ್ರಶ್ನೆ ದೂರದ್ದು. ಸ್ಕೇಲಿನ ಪರೀಕ್ಷೆ ಮಾಡುವಾಗಲೇ ಲೆನ್ಸಿನ ಮೂತಿಗೂ ಸ್ಕೇಲಿಗೂ ನಡುವೆ ಎಷ್ಟು ಜಾಗ ಉಳಿಯಿತೆಂದು ನೋಡಿ. ಅರ್ಧ ಗೇಣಾದರೂ ಇದ್ದರೆ ಒಳ್ಳೆಯದು. ಅಷ್ಟು ಅಂತರವಿದ್ದರೆ ಹುಳು ಬೆದರದು, ಬೆಳಕೂ ಒಳಕ್ಕೆ ಬಂದೀತು.

ಮೂರನೆಯದು ಬೆಳಕು. ಹತ್ತಿರ ಹೋದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಒಂದಕ್ಕೆ ಒಂದು ಅಳತೆಯಲ್ಲಿ ತೆಗೆಯುವಾಗ, ಲೆನ್ಸಿನ ಕಿಂಡಿಯನ್ನು ಎಫ್ ೮ಕ್ಕೆ ಇಟ್ಟರೆ ಆ ಪದರ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಣ್ಣು ಸ್ಪಷ್ಟವಾದರೆ ಮೀಸೆ ಮಸುಕು. ಎಫ್ ೧೬ಕ್ಕೆ ಕಿರಿದುಗೊಳಿಸಿದರೆ ಅದು ಒಂದೂಕಾಲು ಮಿಲಿಮೀಟರ್ ಆಗುತ್ತದೆ. ಆದರೆ ಕಿಂಡಿ ಕಿರಿದಾದರೆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಇದಲ್ಲದೆ ಒಂದಕ್ಕೆ ಒಂದು ಅಳತೆಗೆ ಬಂದ ತಪ್ಪಿಗೆ ಇನ್ನೊಂದು ನಾಲ್ಕನೆಯ ಒಂದು ಪಾಲು ಕಡಿತ. ಇನ್ನೂ ಕಿರಿದು ಮಾಡುತ್ತ ಹೋದರೆ ಬೆಳಕು ಕಿಂಡಿಯ ಅಂಚಿನಲ್ಲಿ ಚೆದರಿ ಇಡಿಯ ಚಿತ್ರವೇ ಮೆತ್ತಗಾಗುತ್ತದೆ. ಹೀಗಾಗಿ ಮಳೆಗಾಲದ ಮೋಡದ ಬೆಳಕು ಸಾಲದು, ಫ್ಲ್ಯಾಶ್ ಬೇಕು. ಫ್ಲ್ಯಾಶಿನ ಮಿಂಚು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಇರುವುದರಿಂದ ಕೈಯ ನಡುಕವೂ ಗಾಳಿಗೆ ಎಲೆ ಅಲುಗುವುದೂ ಅದರಲ್ಲಿ ಮುಚ್ಚಿಹೋಗುತ್ತವೆ. ಇದೊಂದು ದೊಡ್ಡ ಲಾಭ.

ಕ್ಯಾಮೆರಾಕ್ಕೂ ಒಂದು ಚಾಳೀಸು

ಇಲ್ಲಿ ಅಗ್ಗದ ದಾರಿಯ ಗುಟ್ಟನ್ನು ಹೇಳಬೇಕು. ನಲವತ್ತು ದಾಟಿದ ಮೇಲೆ ಪತ್ರಿಕೆ ಓದುವುದಕ್ಕೆ ಚಾಳೀಸು ಹಾಕಿಕೊಳ್ಳುತ್ತೇವಲ್ಲವೇ? ಹತ್ತಿರದ್ದು ಕಾಣಲೆಂದು ಕಣ್ಣಿನ ಮುಂದೆ ಒಂದು ಉಬ್ಬು ಗಾಜು. ಕ್ಯಾಮೆರಾದ ಲೆನ್ಸಿನ ಮುಂದೆಯೂ ಅಂಥದೇ ಗಾಜನ್ನು ತೊಡಿಸಬಹುದು. ಅದಕ್ಕೆ ಕ್ಲೋಸ್-ಅಪ್ ಲೆನ್ಸ್ ಎಂದು ಹೆಸರು. ಕನ್ನಡಕದಂತೆಯೇ ಅದಕ್ಕೂ ‘ಪವರ್’ ಇದೆ, ಡಯಾಪ್ಟರ್ ಎಂಬ ಅದೇ ಅಳತೆ.

ಲೆಕ್ಕ ಸುಲಭ. ಸಾವಿರವನ್ನು ಪವರಿನಿಂದ ಭಾಗಿಸಿದರೆ ಹುಳು ಎಷ್ಟು ಮಿಲಿಮೀಟರ್ ದೂರದಲ್ಲಿ ಇರಬೇಕೆಂಬುದು ಬರುತ್ತದೆ. ಕ್ಯಾಮೆರಾ ಲೆನ್ಸಿನ ನಾಭಿದೂರವನ್ನು ಪವರಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಬಿಂಬವು ಹುಳುವಿನ ಎಷ್ಟು ಪಾಲು ದೊಡ್ಡದೆಂಬುದು ಬರುತ್ತದೆ. ರೇನಾಕ್ಸ್ ಎಂಬ ಜಪಾನಿ ಸಂಸ್ಥೆಯ ಎರಡು ಕ್ಲೋಸ್-ಅಪ್ ಲೆನ್ಸುಗಳು ಹುಳುಪ್ರಿಯರಲ್ಲಿ ಬಹುಕಾಲದಿಂದ ಹೆಸರಾಗಿವೆ. ಡಿಸಿಆರ್-೧೫೦ರ ಪವರು ೪.೮, ಡಿಸಿಆರ್-೨೫೦ರದು ೮. ಡಿಎಸ್‌ಎಲ್‌ಆರ್‌ನ ೨೦೦ ಮಿಲಿಮೀಟರ್ ನಾಭಿದೂರದ ಸಾಧಾರಣ ಜೂಮಿಗೆ ಮೊದಲನೆಯದನ್ನು ತೊಡಿಸಿದರೆ ಬಿಂಬ ಒಂದಕ್ಕೆ ಒಂದರ ಹತ್ತಿರ ಬರುತ್ತದೆ, ದೂರ ೨೦ ಸೆಂಟಿಮೀಟರಿಗೂ ಹೆಚ್ಚು. ಎರಡನೆಯದನ್ನು ತೊಡಿಸಿದರೆ ಬಿಂಬ ಒಂದೂವರೆ ಪಟ್ಟಿಗೂ ಮಿಕ್ಕಿ ದೊಡ್ಡದಾಗುತ್ತದೆ, ದೂರ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ತುಸು ಹೆಚ್ಚು. ಹೊಸ ಮ್ಯಾಕ್ರೋ ಲೆನ್ಸಿನ ಬೆಲೆಯ ಒಂದು ಪಾಲಿನಲ್ಲಿ ಆ ಲೆನ್ಸಿನ ಕೆಲಸ ಆಗಿಹೋಯಿತು!

ಕೈಲಾದಷ್ಟರ ಮೇಲೆ ನಾಲ್ಕು ಮೆಟ್ಟಿಲು

ಮೊದಲನೆಯ ಮೆಟ್ಟಿಲು ಮನೆಯಲ್ಲಿ ಈಗಾಗಲೇ ಇರುವ ಮೊಬೈಲು. ಅಗ್ಗದ ಮೊಬೈಲುಗಳ ಹಿಂದೆ ‘೨ ಮೆಗಾಪಿಕ್ಸೆಲ್ ಮ್ಯಾಕ್ರೋ’ ಎಂದು ಒಂದು ಕಣ್ಣು ಇಟ್ಟಿರುತ್ತಾರೆ. ಅದನ್ನು ನಂಬಿ ಕೊಳ್ಳುವುದು ಬೇಡ. ದುಬಾರಿ ಮೊಬೈಲುಗಳಲ್ಲಿ ಕೆಲವು ನಿಜವಾಗಿ ಹತ್ತಿರದ್ದನ್ನು ಹಿಡಿಯುತ್ತವೆ. ೨೦೨೧ರಲ್ಲಿ ಬಂದ ಐಫೋನ್ ೧೩ ಪ್ರೋ ಎರಡು ಸೆಂಟಿಮೀಟರಿನಿಂದ ತೆಗೆಯಬಲ್ಲದು. ಆದರೆ ಅದಕ್ಕಾಗಿಯೇ ಮೊಬೈಲು ಬದಲಿಸುವುದು ಬುದ್ಧಿವಂತಿಕೆಯಲ್ಲ. ಇದ್ದ ಮೊಬೈಲಿಗೇ ಕ್ಲಿಪ್ಪಿನಿಂದ ಕಚ್ಚಿಸುವ ಮ್ಯಾಕ್ರೋ ಲೆನ್ಸು ನೂರುಗಳ ಲೆಕ್ಕದಲ್ಲಿ ಸಿಗುತ್ತದೆ. ತೀರ ಅಗ್ಗದವು ಒಂದೆರಡು ಸೆಂಟಿಮೀಟರಿನಿಂದಷ್ಟೇ ಕೆಲಸ ಮಾಡುತ್ತವೆ. ಇನ್ನು ಸ್ವಲ್ಪ ಕೊಟ್ಟರೆ ನಾಲ್ಕರಿಂದ ಏಳು ಸೆಂಟಿಮೀಟರ್ ದೂರದಿಂದ ತೆಗೆಯುವಂಥವು ಸಿಗುತ್ತವೆ. ಎರಡನೆಯದನ್ನೇ ಕೊಳ್ಳಿ. ಮಗುವಿನ ಆಸೆ ಒಂದು ವಾರದ್ದೋ ಒಂದು ಕಾಲದ್ದೋ ಎಂಬುದು ಈ ಮೆಟ್ಟಿಲಿನಲ್ಲೇ ತಿಳಿದುಹೋಗುತ್ತದೆ. ಒಂದು ಮಳೆಗಾಲ ಪೂರ್ತಿ ಇದರಲ್ಲಿ ತೆಗೆಯಲಿ.

ಎರಡನೆಯದು ಲೆನ್ಸು ಬದಲಿಸಲಾಗದ ಉದ್ದ ಜೂಮಿನ ಕ್ಯಾಮೆರಾಕ್ಕೆ ಚಾಳೀಸು ತೊಡಿಸುವುದು. ಎಷ್ಟೋ ಮನೆಗಳಲ್ಲಿ ಮದುವೆ ಮುಂಜಿಗಳಿಗೆಂದು ಕೊಂಡ ಇಂಥ ಕ್ಯಾಮೆರಾ ಮೂಲೆಯಲ್ಲಿದೆ. ಲೆನ್ಸಿನ ಮೂತಿಯ ಒಳಸುತ್ತಿನಲ್ಲಿ ತಿರುಪು ಇದ್ದರೆ ಕ್ಲೋಸ್-ಅಪ್ ಲೆನ್ಸು ಕೂರುತ್ತದೆ. ಹೊಸದಾಗಿ ಕೊಳ್ಳುವವರು ಬಳಸಿದ ಪ್ಯಾನಸೋನಿಕ್ ಎಫ್‌ಜಡ್ ೨೦೦ (೨೦೧೨) ಅಥವಾ ಎಫ್‌ಜಡ್ ೩೦೦ (೨೦೧೫) ಸಿಕ್ಕೀತೇ ನೋಡಬಹುದು. ಎರಡಕ್ಕೂ ೫೨ ಮಿಲಿಮೀಟರ್ ತಿರುಪು ಇದೆ, ಜೂಮನ್ನು ಪೂರ್ತಿ ಚಾಚಿದಾಗ ನಿಜವಾದ ನಾಭಿದೂರ ೧೦೮ ಮಿಲಿಮೀಟರ್. ಡಿಸಿಆರ್-೧೫೦ ತೊಡಿಸಿದರೆ ಸುಮಾರು ೧೨ ಮಿಲಿಮೀಟರ್ ಅಗಲದ ಚೌಕಟ್ಟು, ೨೦ ಸೆಂಟಿಮೀಟರ್ ದೂರದಿಂದ. ಮೇಲಿನ ಮೂರು ಪ್ರಶ್ನೆಗಳಲ್ಲಿ ಎರಡಕ್ಕೆ ಇದು ಪೂರ್ತಿ ಅಂಕ ಗಿಟ್ಟಿಸುತ್ತದೆ.

ಮೂರನೆಯದು ಮಳೆಗೂ ಕೆಸರಿಗೂ ಅಂಜದ ಚಿಕ್ಕ ಕ್ಯಾಮೆರಾ. ಒಲಿಂಪಸ್ ಸಂಸ್ಥೆ ೨೦೧೯ರಲ್ಲಿ ಹೊರತಂದ ಟಿಜಿ-೬, ಆಮೇಲೆ ಓಎಂ ಸಿಸ್ಟಮ್ ಎಂಬ ಹೆಸರಿನಲ್ಲಿ ೨೦೨೩ರಲ್ಲಿ ಬಂದ ಟಿಜಿ-೭ ಈ ಬಗೆಯವು. ಇವುಗಳ ‘ಮೈಕ್ರೋಸ್ಕೋಪ್’ ವಿಧಾನದಲ್ಲಿ ಜೂಮನ್ನು ಚಾಚಿಕೊಂಡೇ ಒಂದು ಸೆಂಟಿಮೀಟರಿನವರೆಗೆ ಹೋಗಬಹುದು. ಒಂದರ ಹಿಂದೆ ಒಂದರಂತೆ ಹಲವು ಚಿತ್ರ ತೆಗೆದು, ಸ್ಪಷ್ಟವಾದ ಪದರಗಳನ್ನೆಲ್ಲ ಪೋಣಿಸಿ ಒಂದೇ ಚಿತ್ರ ಮಾಡುವ ಏರ್ಪಾಟೂ ಒಳಗೇ ಇದೆ. ನೆರಳಿನ ತೊಂದರೆಗೆಂದು ಮೂತಿಯ ಸುತ್ತ ತೊಡಿಸುವ ಬೆಳಕಿನ ಬಳೆಯನ್ನು ಬೇರೆ ಮಾರುತ್ತಾರೆ. ಜೇಬಿನಲ್ಲಿಟ್ಟುಕೊಂಡು ತಿರುಗುವ ಹುಡುಗರಿಗೆ ಇದಕ್ಕಿಂತ ಅನುಕೂಲವಾದುದು ಇನ್ನೊಂದಿಲ್ಲ. ಆದರೆ ಹುಳುವಿನ ಮೂಗಿಗೇ ಹೋಗಬೇಕು, ಬೆಲೆಯೂ ಅಗ್ಗವೆನ್ನುವಂತಿಲ್ಲ.

ನಾಲ್ಕನೆಯದು ಬಳಸಿದ ಡಿಎಸ್‌ಎಲ್‌ಆರ್. ತಯಾರಕರೆಲ್ಲ ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳ ಕಡೆಗೆ ಹೊರಳಿರುವುದರಿಂದ ಹಳೆಯ ಡಿಎಸ್‌ಎಲ್‌ಆರ್‌ಗಳು ಬಳಸಿದ ಸಾಮಾನಿನ ಪೇಟೆಗೆ ಧಾರಾಳವಾಗಿ ಬಂದಿವೆ. ಕ್ಯಾನನ್ ಆಗಲಿ ನಿಕಾನ್ ಆಗಲಿ, ಅತ್ಯಂತ ಸಾಧಾರಣ ಮಾದರಿಯೂ ಹುಳುವಿಗೆ ಸಾಕು. ಜೊತೆಗೆ ಬರುವ ಜೂಮಿಗೆ ಡಿಸಿಆರ್-೨೫೦ ತೊಡಿಸಿ ಆರಂಭಿಸಬಹುದು. ಗಾಜೇ ಇಲ್ಲದ ಟೊಳ್ಳು ಬಳೆಗಳೂ ಉಂಟು. ಎಕ್ಸ್‌ಟೆನ್ಷನ್ ಟ್ಯೂಬ್ ಎಂದು ಕರೆಯುವ ಇವನ್ನು ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸೇರಿಸಿದರೆ ಲೆನ್ಸು ಮುಂದಕ್ಕೆ ಸರಿದು ಹತ್ತಿರದ್ದನ್ನು ಹಿಡಿಯುತ್ತದೆ. ೫೦ ಮಿಲಿಮೀಟರ್ ಲೆನ್ಸಿಗೆ ೫೦ ಮಿಲಿಮೀಟರ್ ಉದ್ದದ ಬಳೆ ಸೇರಿಸಿದರೆ ಒಂದಕ್ಕೆ ಒಂದು. ಕೊಳ್ಳುವಾಗ ಕ್ಯಾಮೆರಾಕ್ಕೂ ಲೆನ್ಸಿಗೂ ವಿದ್ಯುತ್ ಸಂಪರ್ಕ ಉಳಿಸುವಂಥದನ್ನೇ ಕೇಳಿ. ಇಲ್ಲವಾದರೆ ಅನೇಕ ಲೆನ್ಸುಗಳಲ್ಲಿ ಕಿಂಡಿಯನ್ನು ಕಿರಿದು ಮಾಡಲು ಬಾರದು.

ಎರಡು ವರ್ಷವಾದ ಮೇಲೂ ಆಸೆ ಉಳಿದಿದ್ದರೆ ಆಗ ನಿಜವಾದ ಮ್ಯಾಕ್ರೋ ಲೆನ್ಸನ್ನು ಯೋಚಿಸಿ, ಅದೂ ಬಳಸಿದ್ದನ್ನೇ. ೯೦ ಅಥವಾ ೧೦೦ ಮಿಲಿಮೀಟರಿನದು ಹುಳುವಿಗೆ ಅನುಕೂಲ. ೪೦ ಮಿಲಿಮೀಟರಿನದು ಅಗ್ಗವಾದರೂ ಒಂದಕ್ಕೆ ಒಂದರಲ್ಲಿ ತೀರ ಹತ್ತಿರ ಹೋಗಬೇಕಾಗುತ್ತದೆ. ತಾನಾಗಿಯೇ ಫೋಕಸ್ ಮಾಡಲಾರದ ಹಳೆಯ ಲೆನ್ಸಾದರೂ ಚಿಂತೆಯಿಲ್ಲ. ಅದರಿಂದ ಬೆಲೆ ಇಳಿಯುತ್ತದೆ, ಹುಳುವಿನ ಚಿತ್ರಕ್ಕೆ ಆ ಸೌಕರ್ಯ ಬೇಕಾಗುವುದೂ ಅಪರೂಪ.

ನಾಲ್ಕರಲ್ಲಿ ನಮ್ಮ ಮತ ಯಾವುದಕ್ಕೆ? ಹತ್ತು ಹನ್ನೆರಡು ವರ್ಷದ ಮಗುವಿದ್ದ ಮನೆಗೆ ಮೊದಲು ಮೊಬೈಲು ಮತ್ತು ಕ್ಲಿಪ್ ಲೆನ್ಸು. ಒಂದು ಮಳೆಗಾಲ ಕಳೆದ ಮೇಲೆ ಬಳಸಿದ ಡಿಎಸ್‌ಎಲ್‌ಆರ್, ಜೂಮು, ಕ್ಲೋಸ್-ಅಪ್ ಲೆನ್ಸು, ಒಂದು ಸಾದಾ ಫ್ಲ್ಯಾಶ್. ಮನೆಯಲ್ಲಿ ಉದ್ದ ಜೂಮಿನ ಕ್ಯಾಮೆರಾ ಇದ್ದವರು ಡಿಎಸ್‌ಎಲ್‌ಆರ್ ಕೊಳ್ಳದೆಯೇ ಚಾಳೀಸು ಒಂದನ್ನೇ ಕೊಂಡು ಹಣ ಉಳಿಸಲಿ.

ಬಳಸಿದ್ದನ್ನು ಕೊಳ್ಳುವಾಗ

ದಿಲ್ಲಿಯವರಿಗೆ ಚಾಂದನಿ ಚೌಕದ ಕೂಚಾ ಚೌಧರಿ ಪೇಟೆ ಪರಿಚಯವಿದ್ದೀತು. ಮುಂಬಯಿಯವರಿಗೆ ಕೋಟೆ ಭಾಗದ ಕ್ಯಾಮೆರಾ ಅಂಗಡಿಗಳು ಗೊತ್ತೇ ಇವೆ. ಎಲ್ಲಿಯೇ ಕೊಳ್ಳಿ, ಹಗಲು ಹೊತ್ತು ಹೋಗಿ, ಅವಸರ ಮಾಡಬೇಡಿ.

ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಮುಂಬಯಿ ಚೆನ್ನೈಗಳ ಕಡಲ ತೇವಕ್ಕೆ ಲೆನ್ಸುಗಳು ಬೂಷ್ಟು ಹಿಡಿಯುವುದು ಸಾಮಾನ್ಯ. ಅಂಥದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕಿಂಡಿಯನ್ನು ಎಫ್ ೧೬ಕ್ಕೆ ಇಟ್ಟು ಬಿಳಿಯ ಕಾಗದದ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳಿದೆ. ಅದನ್ನು ಒರೆಸಿಸಬಹುದು, ಗೀರಾದರೆ ಹೋಗದು. ಷಟರು ಎಷ್ಟು ಸಲ ಬಡಿದಿದೆ ಎಂಬ ಎಣಿಕೆಯನ್ನು ತೋರಿಸಲು ಹೇಳಿ. ಬ್ಯಾಟರಿ ಉಬ್ಬಿದೆಯೇ, ಚಾರ್ಜರು ಕೆಲಸ ಮಾಡುತ್ತದೆಯೇ ನೋಡಿ. ಕೆಲವು ಅಗ್ಗದ ಹೊಸ ಮಾದರಿಗಳಲ್ಲಿ ಫ್ಲ್ಯಾಶ್ ಕೂರಿಸುವ ಪೀಠದ ನಡುಬಿಂದುವನ್ನೇ ಬಿಟ್ಟಿರುತ್ತಾರೆ. ಅದರ ಮೇಲೆ ಬೇರೆ ಸಂಸ್ಥೆಯ ಸಾದಾ ಫ್ಲ್ಯಾಶ್ ಮಿಂಚುವುದಿಲ್ಲ. ಆದಕಾರಣ ಫ್ಲ್ಯಾಶನ್ನು ಕೂರಿಸಿ ಮಿಂಚಿಸಿ ನೋಡಿಯೇ ಹಣ ಎಣಿಸಿ. ಬಿಲ್ಲು ಕೇಳಲು ಸಂಕೋಚ ಬೇಡ.

ಮನೆಗೆ ತಂದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಿ. ಚರ್ಮದ ಚೀಲ ನೋಡಲು ಚೆಂದ, ಮಳೆಗಾಲದಲ್ಲಿ ಅದೇ ಬೂಷ್ಟಿನ ತವರು.

ತೆಗೆಯುವ ಬಗೆ

ಕ್ಯಾಮೆರಾವನ್ನು ‘ಎಂ’ ಎಂಬ ಗುರುತಿಗೆ ತಿರುಗಿಸಿ. ಷಟರು ಸೆಕೆಂಡಿನ ೧೬೦ನೆಯ ಒಂದು ಪಾಲು, ಕಿಂಡಿ ಎಫ್ ೧೧, ಐಎಸ್‌ಒ ೨೦೦. ಇದು ಆರಂಭಕ್ಕೆ ಸಾಕು. ಹೆಚ್ಚುಕಡಿಮೆಯನ್ನು ಫ್ಲ್ಯಾಶಿನಿಂದ ಸರಿಮಾಡಿಕೊಳ್ಳಿ. ಬರಿಯ ಫ್ಲ್ಯಾಶಿನ ಬೆಳಕು ಜೀರುಂಡೆಯ ಬೆನ್ನಿನ ಮೇಲೆ ಕಣ್ಣು ಕುಕ್ಕುವ ಬಿಳಿ ಕಲೆಯಾಗಿ ಬೀಳುತ್ತದೆ. ಆದ್ದರಿಂದ ಅದರ ಮುಂದೆ ತೆಳುವಾದ ಪರದೆ ಬೇಕು. ಟಿವಿ, ಮಿಕ್ಸಿಗಳ ಪೆಟ್ಟಿಗೆಯಲ್ಲಿ ಸುತ್ತಿ ಬರುವ ಬಿಳಿಯ ತೆಳು ಫೋಮು ಇದಕ್ಕೆ ಸೊಗಸಾಗಿ ಒದಗುತ್ತದೆ. ರಟ್ಟಿನ ಕೊಳವೆ ಮಾಡಿ, ಒಳಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಬಾಯಿಗೆ ಈ ಫೋಮು ಕಟ್ಟಿ, ಹುಳುವಿನ ಮೇಲೆ ಬಾಗುವಂತೆ ಇಟ್ಟರಾಯಿತು. ಪರದೆ ಹುಳುವಿಗೆ ಹತ್ತಿರವಾದಷ್ಟೂ ಅಗಲವಾದಷ್ಟೂ ಬೆಳಕು ಮೃದು. ಒಂದು ಭಾನುವಾರ ಅಪ್ಪನೂ ಮಗಳೂ ಕೂಡಿ ಮಾಡುವ ಈ ಕೆಲಸಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು. ಸಾವಿರಾರು ರೂಪಾಯಿ ಕೊಟ್ಟು ಲೆನ್ಸು ಬದಲಿಸುವುದಕ್ಕಿಂತ ಇದರಿಂದ ಚಿತ್ರ ಹೆಚ್ಚು ಸುಧಾರಿಸುತ್ತದೆ ಎಂದರೆ ನಂಬಿರಿ.

ಫೋಕಸ್ ಮಾಡುವುದನ್ನು ಕ್ಯಾಮೆರಾಕ್ಕೆ ಬಿಡಬೇಡಿ. ಅದನ್ನು ಕೈವಿಧಾನಕ್ಕೆ ತಿರುಗಿಸಿ, ಬೇಕಾದ ಅಳತೆಯಲ್ಲಿ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೂ ಹಿಂದಕ್ಕೂ ತೂಗಿ. ಹುಳುವಿನ ಕಣ್ಣು ಹೊಳೆದ ಕ್ಷಣ ಗುಂಡಿ ಒತ್ತಿ. ಹತ್ತರಲ್ಲಿ ಒಂದು ಸರಿಯಾದರೆ ಅದೇ ಗೆಲುವು. ಫಿಲಮ್ಮಿನ ಕಾಲದಲ್ಲಿ ಒಂದು ಸುರುಳಿಗೆ ೩೬ ಚಿತ್ರ, ತೊಳೆಸುವ ಖರ್ಚು ಬೇರೆ. ಈಗ ಕೆಟ್ಟ ಚಿತ್ರಕ್ಕೆ ಕಾಸು ಖರ್ಚಿಲ್ಲ. ಡಿಜಿಟಲ್ ಕ್ಯಾಮೆರಾ ಬಡವನಿಗೆ ಮಾಡಿದ ಉಪಕಾರ ಇದೇ.

ಎಲ್ಲಿ ಹುಡುಕಬೇಕು?

‘ಈ ಸಿಮೆಂಟಿನ ಊರಿನಲ್ಲಿ ಹುಳು ಎಲ್ಲಿ ಬಂತು?’ ಎಂದು ಕೇಳುವವರು ತಮ್ಮ ಕರಿಬೇವಿನ ಕುಂಡವನ್ನೇ ನೋಡಲಿ. ನಾವು ಎಲ್ಲಿಗೇ ಹೋದರೂ ಆ ಗಿಡವನ್ನು ಬಿಟ್ಟಿರಲಾರೆವಷ್ಟೆ. ಅದನ್ನೇ ಅರಸಿಕೊಂಡು ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಮೂರನೆಯ ಅಂತಸ್ತಿಗೂ ಬರುತ್ತದೆ. ಚಿಗುರಿನ ಮೇಲೆ ಸಾಸಿವೆಕಾಳಿನಷ್ಟು ಮೊಟ್ಟೆ ಇಡುತ್ತದೆ. ಎಳೆಯ ಹುಳು ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ಹಕ್ಕಿ ತಿನ್ನದಿರಲೆಂದು ಪ್ರಕೃತಿ ಹೂಡಿದ ಉಪಾಯ. ಬಲಿತ ಮೇಲೆ ಎಲೆಯ ಹಸಿರು ಬಣ್ಣ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೋಡು ಹೊರಬಂದು ವಾಸನೆ ಬೀರುತ್ತದೆ. ಹುಳು ಮೆಲ್ಲಗೆ ತೆವಳುವುದರಿಂದ ಆರಂಭದ ಕೈಗೆ ಇದಕ್ಕಿಂತ ಒಳ್ಳೆಯ ಗುರುವಿಲ್ಲ. ಒಗ್ಗರಣೆಗೆ ನಾಲ್ಕೆಸಳು ಕಡಿಮೆಯಾದರೂ ಆ ಹುಳುವನ್ನು ಕೀಳಬೇಡಿರೆಂದು ಗೃಹಿಣಿಯರಲ್ಲಿ ನಮ್ಮ ಬಿನ್ನಹ. ಪ್ರತಿದಿನವೂ ಒಂದೇ ಹೊತ್ತಿಗೆ ಒಂದೊಂದು ಚಿತ್ರ ತೆಗೆದರೆ ಮೊಟ್ಟೆಯಿಂದ ಚಿಟ್ಟೆಯವರೆಗಿನ ಪೂರ್ತಿ ಕಥೆ ಮಗುವಿನ ಕೈಯಲ್ಲಿರುತ್ತದೆ.

ದಾಸವಾಳದ ಕುಡಿಯಲ್ಲಿ ಗಿಡಹೇನು, ಅದರ ಸಿಹಿ ಒಸರನ್ನು ಹೀರುವ ಇರುವೆ, ಹೇನನ್ನೇ ತಿನ್ನುವ ಗುಲಗಂಜಿ ಹುಳು, ಈ ಮೂವರ ಸಂಸಾರವನ್ನು ಕಾಣಬಹುದು. ಹೊರಗೆ ಹೋಗುವವರಿಗೆ ಮುಂಬಯಿಯ ಬೋರಿವಲಿ ವನ, ಪುಣೆಯ ವೇತಾಳ ಟೇಕಡಿ, ಚೆನ್ನೈಯ ಗಿಂಡಿ, ಹೈದರಾಬಾದಿನ ಕೆಬಿಆರ್ ಉದ್ಯಾನ, ದಿಲ್ಲಿಯ ಲೋಧಿ ತೋಟ ಇವೆ. ಬೆಳಗಿನ ತಂಪಿನಲ್ಲಿ ಹುಳುಗಳು ಇನ್ನೂ ಚುರುಕಾಗಿರುವುದಿಲ್ಲ. ಬೇಗ ಏಳುವವರಿಗೆ ಒಳ್ಳೆಯ ಚಿತ್ರ.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಹುಳು ಅಲುಗದಿರಲೆಂದು ಫ್ರಿಜ್ಜಿನಲ್ಲಿ ಇಡುವುದು, ಅಂಟು ಹಚ್ಚಿ ಕೂರಿಸುವುದು, ಕೊಂದು ನಿಲ್ಲಿಸುವುದು, ಇಂಥ ಕೆಲಸಗಳನ್ನು ಕೆಲವರು ಮಾಡುತ್ತಾರೆ. ನಮ್ಮ ಮನೆಗಳಲ್ಲಿ ಇದು ಕೂಡದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಹಲವು ಚಿಟ್ಟೆಗಳಿಗೆ ರಕ್ಷಣೆಯಿದೆ, ಅವನ್ನು ಹಿಡಿಯುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ. ನೋಡುವ ಆಸೆಯಿಂದ ಹೊರಟ ಮಗುವಿಗೆ ಕೊಲ್ಲುವುದನ್ನು ಕಲಿಸಿದರೆ ನಾವು ಕೊಟ್ಟದ್ದು ಎಂಥ ಕ್ಯಾಮೆರಾ?

ಚಿತ್ರದ ಕೆಳಗೆ ಒಂದು ಹೆಸರು

ಕಡೆಯದಾಗಿ, ಖರ್ಚಿಲ್ಲದ ಒಂದು ಸಾಮಾನನ್ನು ಕೊಳ್ಳಬೇಕೆಂದು ಸೂಚಿಸುತ್ತೇವೆ: ಇನ್ನೂರು ಪುಟದ ಒಂದು ನೋಟುಪುಸ್ತಕ. ಚಿತ್ರ ತೆಗೆದ ದಿನ, ಊರು, ಹುಳು ಕೂತಿದ್ದ ಗಿಡ, ಸ್ಕೇಲಿನಲ್ಲಿ ಅದರ ಉದ್ದ, ಇಷ್ಟನ್ನು ಬರೆಯಲಿ. ಇಂಗ್ಲಿಷ್ ಹೆಸರನ್ನು ಹುಡುಕುವುದು ಈಗ ಕಷ್ಟವಲ್ಲ. ಚಿಟ್ಟೆಗಳಿಗಾದರೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ನಡೆಸುವ ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಇದೆ. ಕನ್ನಡದ ಹೆಸರಿಗೆ ಮಾತ್ರ ಮನೆಯ ಹಿರಿಯರೇ ಗತಿ. ಧಾರವಾಡದ ಅಜ್ಜಿಗೆ ಅದು ಪಾತರಗಿತ್ತಿ, ಮೈಸೂರಿನ ಅಜ್ಜಿಗೆ ಚಿಟ್ಟೆ. ಜೀರುಂಡೆ ಎಂದರೆ ಒಂದೂರಿನವರಿಗೆ ಮರದಲ್ಲಿ ಚೀರುವ ಹುಳು, ಇನ್ನೊಂದೂರಿನವರಿಗೆ ಗಟ್ಟಿಬೆನ್ನಿನ ದುಂಬಿಯಂಥದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಪುಸ್ತಕವೊಂದಕ್ಕೆ ‘ಏರೋಪ್ಲೇನ್ ಚಿಟ್ಟೆ ಮತ್ತು ಇತರ ಕಥೆಗಳು’ ಎಂದು ಹೆಸರಿಟ್ಟಾಗ ಹಳ್ಳಿಯ ಮಕ್ಕಳ ಬಾಯಲ್ಲಿದ್ದ ಮಾತನ್ನೇ ಎತ್ತಿಕೊಂಡರು. ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅನ್ನ, ನೀರು, ಬಾ, ಹೋಗು ಎಂಬಷ್ಟು ಕನ್ನಡ ಬರುತ್ತದೆ. ಮಿಡತೆ, ಕಣಜ, ಮಿಣುಕುಹುಳು ಎಂಬ ಮಾತುಗಳು ಬರುವುದಿಲ್ಲ, ಏಕೆಂದರೆ ಅವನ್ನು ಆಡುವ ಸಂದರ್ಭವೇ ಮನೆಯಲ್ಲಿ ಬರುವುದಿಲ್ಲ. ಮಗುವು ಒಂದು ಸ್ಪಷ್ಟವಾದ ಚಿತ್ರವನ್ನು ಅಜ್ಜಿಗೆ ಕಳಿಸಿ ‘ಇದಕ್ಕೆ ನಿಮ್ಮ ಕಡೆ ಏನಂತಾರೆ?’ ಎಂದು ಕೇಳಿದರೆ ಆ ಸಂದರ್ಭ ಬಂದಂತಾಯಿತು. ಅಜ್ಜಿ ಹೇಳಿದ ಹೆಸರನ್ನೂ ಅವರ ಊರನ್ನೂ ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ.

ದೀಪಾವಳಿ ಸಂಚಿಕೆಯ ಒಂದು ಪುಟವನ್ನು ಇಂಥ ಚಿತ್ರಗಳಿಗೆ ಬಿಟ್ಟಿದ್ದೇವೆ. ಯಾವ ಕ್ಯಾಮೆರಾದಲ್ಲಿ ತೆಗೆದುದೆಂದು ನಾವು ಕೇಳುವುದಿಲ್ಲ. ಹುಳುವಿನ ಕಣ್ಣು ಸ್ಪಷ್ಟವಾಗಿರಬೇಕು, ಕೆಳಗೆ ಅದರ ಕನ್ನಡದ ಹೆಸರು ಇರಬೇಕು, ಅಷ್ಟೇ ನಿಬಂಧನೆ. ಮುಂದಿನ ಸಲ ಈ ಅಂಕಣದಲ್ಲಿ ಮನೆಬಳಕೆಯ ಹೊಲಿಗೆಯಂತ್ರಗಳ ವಿಚಾರ.